ಚೆಂಡು ಇಬ್ಬರ ನಡುವೆ ಬಿದ್ದಾಗ: ವಾಲಿಬಾಲ್ ಆಟಗಾರನೊಬ್ಬನ ಆಪ್ತಸಲಹೆ ಪ್ರಕರಣ

ಈ ಬರಹಕ್ಕೆ ಯುವಕನ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಅವನು ಕೊಪ್ಪಳ ಜಿಲ್ಲೆಯವನು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಭತ್ತದ ಸೀಮೆಯಲ್ಲಿ ಅವನ ಊರು. ವಯಸ್ಸು 19, ಪದವಿಯ ಮೊದಲ ವರ್ಷ. ತಂದೆ ರೈಸ್ ಮಿಲ್ಲಿನಲ್ಲಿ ಹಮಾಲಿ, ತಾಯಿ ನಾಟಿಯ ಕಾಲದಲ್ಲಿ ಕೂಲಿಗೆ ಹೋಗುತ್ತಾರೆ. ಕಾಲೇಜಿನ ವಾಲಿಬಾಲ್ ತಂಡದಲ್ಲಿ ಅವನು ಹಿಂದಿನ ಸಾಲಿನಲ್ಲಿ ನಿಂತು ಎದುರಾಳಿಯ ಸರ್ವ್ ಎತ್ತುವ ಆಟಗಾರ.

ಅವನನ್ನು ನನ್ನ ಬಳಿಗೆ ಕಳುಹಿಸಿದವರು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು. ಅವರ ಪ್ರಕಾರ ಹುಡುಗನಿಗೆ ಮೈಗಳ್ಳತನ ಹತ್ತಿತ್ತು. ಬೆಳಗಿನ ಅಭ್ಯಾಸದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವವನು ಪಂದ್ಯ ಬಂತೆಂದರೆ ಚೆಂಡಿನತ್ತ ಹೆಜ್ಜೆಯನ್ನೇ ಇಡುವುದಿಲ್ಲ, ಎರಡು ಪಂದ್ಯಗಳ ದಿನ ಜ್ವರವೆಂದು ಹೇಳಿ ಬರಲೇ ಇಲ್ಲ, ಕೇಳಿದರೆ ತಲೆ ತಗ್ಗಿಸಿ ನಗುತ್ತಾನೆ ಎಂದು ಅವರು ಹೇಳಿದರು. ಆ ನಗು ಅವರಿಗೆ ಉಡಾಫೆಯಾಗಿ ಕಂಡಿತ್ತು.

ಮೊದಲ ಭೇಟಿಯಲ್ಲಿ ನಾನು ‘ನೀವು’ ಎಂದು ಮಾತು ಆರಂಭಿಸಿದಾಗ ಅವನು ಕುರ್ಚಿಯ ಅಂಚಿಗೆ ಸರಿದು, “ಮೇಡಂ, ನೀವು ಅಂತ ಕರೀಬ್ಯಾಡ್ರಿ, ನಾನು ಸಣ್ಣಾವ ಅದೀನಿ” ಎಂದನು. ತನಗೆ ಸಲ್ಲದ ಗೌರವ ಯಾರ ಕಣ್ಣಿಗಾದರೂ ಬಿದ್ದೀತೆಂಬ ಕಸಿವಿಸಿ ಆ ಮಾತಿನಲ್ಲಿತ್ತು. ಅಂದಿನಿಂದ ನಾನು ‘ತಮ್ಮಾ, ನೀನು’ ಎಂದೇ ಮಾತನಾಡಿಸಿದೆ. ಊಟ, ನಿದ್ದೆ, ತರಗತಿ, ಗೆಳೆಯರು, ಊರು ಎಲ್ಲದರ ಬಗ್ಗೆ ಕೇಳಿದೆ. ತರಗತಿಯಲ್ಲಿ ಪ್ರಶ್ನೆಗೆ ಉತ್ತರ ಕೊಡುತ್ತಾನೆ, ಅಂಗಡಿಯಲ್ಲಿ ಚೌಕಾಸಿ ಮಾಡುತ್ತಾನೆ, ಊಟ ಸೇರುತ್ತದೆ, ಆಟದ ಹೊರಗೆ ಮನಸ್ಸು ಹಗುರವಾಗಿದೆ. ಪಂದ್ಯದ ಹಿಂದಿನ ರಾತ್ರಿ ಮಾತ್ರ ನಿದ್ದೆ ಬರುವುದಿಲ್ಲ. ಬೆಳಿಗ್ಗೆ ಮೂರು ನಾಲ್ಕು ಸಲ ಶೌಚಕ್ಕೆ ಹೋಗಬೇಕಾಗುತ್ತದೆ, ಅಂಗಳಕ್ಕೆ ಇಳಿದ ಮೇಲೆ ಬಾಯಿ ಒಣಗುತ್ತದೆ, ಕಾಲು ಭಾರವಾಗುತ್ತದೆ. ಈ ವಿಚಾರಣೆ ಅಗತ್ಯವಾಗಿತ್ತು. ಭಯವು ತರಗತಿ, ಬಸ್ಸು, ಮದುವೆ ಮನೆ ಎಂದು ಎಲ್ಲ ಕಡೆಗೂ ಹಬ್ಬಿದ್ದರೆ ಅಥವಾ ಬದುಕೇ ಬೇಡವೆನ್ನುವ ಮಾತು ಬಂದಿದ್ದರೆ, ನಾನು ಅವನನ್ನು ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕಳುಹಿಸುತ್ತಿದ್ದೆ. ಹಾಗೆ ಅನ್ನಿಸುವ ಓದುಗರಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಅವನು ಆ ದಿನ ಹೇಳಿದ ಒಂದೇ ದೊಡ್ಡ ಮಾತು ಇದು: “ಬಾಲ್ ನನ್ ಕಡಿ ಬರಬಾರದು ಅಂತ ಬೇಡ್ಕೊಂತ ನಿಂತಿರ್ತೀನ್ರಿ.”

ಎರಡನೆಯ ಭೇಟಿಯಲ್ಲಿ ಮೂಲ ಸಂಗತಿ ಹೊರಬಂದಿತು. ಹಿಂದಿನ ವರ್ಷ ಊರ ಜಾತ್ರೆಯಲ್ಲಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ ನಡೆದಿತ್ತು. ಮೂರನೆಯ ಸೆಟ್ಟಿನಲ್ಲಿ, ಎರಡೂ ತಂಡಗಳ ಅಂಕ ಸಮನಾಗಿದ್ದಾಗ, ಇವನು ಒಂದರ ಹಿಂದೊಂದು ಎರಡು ಸರ್ವ್‌ಗಳನ್ನು ಎತ್ತಲಾಗದೆ ಹೊರಗೆ ಹಾರಿಸಿದ. ಮೈಕಿನಲ್ಲಿ ವೀಕ್ಷಕ ವಿವರಣೆ ಕೊಡುತ್ತಿದ್ದವರು, “ಕೈಗೆ ಬೆಣ್ಣಿ ಹಚ್ಚಿಕೊಂಡು ಬಂದಾನ ನೋಡ್ರಿ” ಎಂದರು. ಮೈದಾನವೆಲ್ಲ ನಕ್ಕಿತು. ಸೋದರಸಂಬಂಧಿಯೊಬ್ಬ ಅದನ್ನು ಮೊಬೈಲಿನಲ್ಲಿ ಹಿಡಿದು, ಹಾಡು ಸೇರಿಸಿ, ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ. ಮುಂದೆ ತಿಂಗಳಾನುಗಟ್ಟಲೆ ಬಸ್ ನಿಲ್ದಾಣದಲ್ಲಿ ಅವನನ್ನು ‘ಬೆಣ್ಣಿ’ ಎಂದೇ ಕರೆಯುತ್ತಿದ್ದರು.

ಇಲ್ಲಿ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಇಂಥ ಯುವಕರಿಗೆ ಹಿರಿಯರು ಸಾಮಾನ್ಯವಾಗಿ ಕೊಡುವ ಸಲಹೆ, ‘ಯಾರೂ ನಿನ್ನನ್ನು ನೋಡುತ್ತಿಲ್ಲ, ಎಲ್ಲ ನಿನ್ನ ಭ್ರಮೆ’ ಎಂಬುದು. ಈ ಹುಡುಗನ ವಿಷಯದಲ್ಲಿ ಅದು ಸುಳ್ಳಾಗುತ್ತಿತ್ತು, ಮತ್ತು ಸುಳ್ಳು ಹೇಳುವ ಸಲಹೆಗಾರರನ್ನು ಅವನು ಎರಡನೆಯ ಸಲ ನಂಬುತ್ತಿರಲಿಲ್ಲ. ಅವನನ್ನು ಜನ ನೋಡಿದ್ದರು, ನಕ್ಕಿದ್ದರು, ಅಡ್ಡಹೆಸರು ಇಟ್ಟಿದ್ದರು. ಆದುದರಿಂದ ನಡೆದ ಅವಮಾನ ಎಷ್ಟು, ಮುಂದೆ ನಡೆದೀತೆಂದು ಅವನು ಊಹಿಸಿಕೊಂಡ ಅವಮಾನ ಎಷ್ಟು ಎಂಬುದನ್ನು ಬೇರೆ ಬೇರೆ ಮಾಡಿ ಅವನ ಮುಂದಿಡುವುದೇ ನನ್ನ ಮೊದಲ ಕೆಲಸವಾಯಿತು.

ಇತರರು ತನ್ನನ್ನು ಕೀಳಾಗಿ ಎಣಿಸಿಯಾರು ಎಂಬ ಈ ಭಯವನ್ನು ಅಳೆಯಲು ಡೇವಿಡ್ ವಾಟ್ಸನ್ ಮತ್ತು ರೊನಾಲ್ಡ್ ಫ್ರೆಂಡ್ ಎಂಬ ಮನೋವಿಜ್ಞಾನಿಗಳು 1969ರಲ್ಲಿ 30 ಹೇಳಿಕೆಗಳ ಪಟ್ಟಿಯೊಂದನ್ನು ರೂಪಿಸಿದರು. 1983ರಲ್ಲಿ ಮಾರ್ಕ್ ಲಿಯರಿ ಅದನ್ನು 12ಕ್ಕೆ ಇಳಿಸಿದರು. ಆ ಚಿಕ್ಕ ಪಟ್ಟಿಯ ಕೆಲವು ಹೇಳಿಕೆಗಳನ್ನು ಅವನ ಮಾತಿಗೆ ತಿರುಗಿಸಿ ಕೇಳಿದೆನೇ ಹೊರತು ಅಂಕ ಹಾಕಲಿಲ್ಲ; ಬಾಯಿಮಾತಿನಲ್ಲಿ ಅನುವಾದಿಸಿ ಕೇಳಿದ ಪ್ರಶ್ನೆಗಳಿಗೆ ಅಂಕ ಕೊಡುವುದು ಸರಿಯಲ್ಲ. ಆದರೆ ಉತ್ತರ ಕೊಡುತ್ತ ಅವನು ಮತ್ತೆ ಮತ್ತೆ ಒಂದೇ ಮಾತಿಗೆ ಬರುತ್ತಿದ್ದ: “ನಾಕ ಮಂದಿ ಏನಂತಾರ?”

ಹಾಗಾದರೆ ಆ ನಾಲ್ಕು ಮಂದಿ ಯಾರು ಎಂದು ಕೇಳಿ, ಒಂದು ಹಾಳೆಯಲ್ಲಿ ನಾಲ್ಕು ಗೆರೆ ಎಳೆದು ಕೊಟ್ಟೆ. ನಮ್ಮ ಭಾಗದಲ್ಲಿ ಈ ಮಾತನ್ನು ಹುಟ್ಟಿದಾಗಿನಿಂದ ಕೇಳುತ್ತೇವೆ, ಆದರೆ ಆ ನಾಲ್ವರ ಹೆಸರು ಬರೆಯುವಂತೆ ಯಾರೂ ನಮಗೆ ಹೇಳಿರುವುದಿಲ್ಲ. ಅವನು ಬಹಳ ಹೊತ್ತು ಯೋಚಿಸಿ ಮೂರು ಹೆಸರು ಬರೆದ: ವಿಡಿಯೊ ಮಾಡಿದ ಸೋದರಸಂಬಂಧಿ, ತಂಡದ ನಾಯಕ, ಮತ್ತು ಊರಿನಲ್ಲಿ ಕ್ರೀಡೆಯ ಬಗ್ಗೆ ಅಧಿಕಾರವಾಣಿಯಿಂದ ಮಾತನಾಡುವ ದೊಡ್ಡಪ್ಪ. ಪ್ರತಿ ಹೆಸರಿನ ಮುಂದೆ, ಆ ವ್ಯಕ್ತಿ ನಿಜವಾಗಿ ಆಡಿದ ಮಾತನ್ನು ಮಾತ್ರ ಬರೆಯಬೇಕು, ಊಹೆಯನ್ನು ಬರೆಯಕೂಡದು ಎಂದೆ. ಸೋದರಸಂಬಂಧಿಯ ಮುಂದೆ ನಾಲ್ಕು ಸಾಲು ತುಂಬಿತು. ನಾಯಕನ ಮುಂದೆ ‘ಏಯ್, ಹಿಡಿಯೋ’ ಎಂಬುದಷ್ಟೇ ಉಳಿಯಿತು, ಅದೂ ಒಂದೇ ಸಲ. ದೊಡ್ಡಪ್ಪ ಇವನ ಪಂದ್ಯವನ್ನು ಇದುವರೆಗೆ ನೋಡಿಯೇ ಇರಲಿಲ್ಲ. ನಾಲ್ಕನೆಯ ಗೆರೆ ಖಾಲಿ ಉಳಿಯಿತು. ಹಾಳೆಯನ್ನು ಮಡಚಿ ಅವನ ಕೈಗೇ ಕೊಟ್ಟೆ.

ಭಯವು ಆಟವನ್ನು ಕೆಡಿಸುವ ಬಗೆಯನ್ನು ಅವನಿಗೆ ವಿವರಿಸಿ ಹೇಳಬೇಕಾಗಿತ್ತು, ಏಕೆಂದರೆ ತನ್ನಲ್ಲಿ ಗುಂಡಿಗೆಯಿಲ್ಲವೆಂದೇ ಅವನು ನಂಬಿದ್ದ. ಚೆನ್ನಾಗಿ ಕಲಿತ ಕೆಲಸವನ್ನು ಕೈ ತಾನಾಗಿಯೇ ಮಾಡುತ್ತದೆ. ಒತ್ತಡದಲ್ಲಿ ಮನುಷ್ಯನ ಗಮನವು ಕೆಲಸವನ್ನು ಬಿಟ್ಟು ತನ್ನ ಮೇಲೆಯೇ ತಿರುಗಿ, ತಾನು ಅದನ್ನು ಹೇಗೆ ಮಾಡುತ್ತಿದ್ದೇನೆ ಎಂದು ಕಾವಲು ಕಾಯತೊಡಗಿದರೆ, ತಾನಾಗಿ ಆಗುತ್ತಿದ್ದದ್ದು ಮುರಿದುಬೀಳುತ್ತದೆ. ರಾಯ್ ಬೌಮೈಸ್ಟರ್ 1984ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನೇ ತೋರಿಸಿದವು. ಹಗೇವಿನಿಂದ (ನೆಲದೊಳಗಿನ ಕಣಜದಿಂದ) ಜೋಳ ತೆಗೆಯುವ ಕೈಗೆ ಲೆಕ್ಕ ಕೇಳುತ್ತ ನಿಂತರೆ ಕೈ ತಪ್ಪುತ್ತದಲ್ಲವೇ ಎಂದೆ. ಅದಕ್ಕಿಂತ ಒಳ್ಳೆಯ ಹೋಲಿಕೆಯನ್ನು ಅವನೇ ಕೊಟ್ಟ. ಅವನ ತಂದೆ ಅಕ್ಕಿಯ ಚೀಲ ಹೊತ್ತು ಲಾರಿಯ ಹಲಗೆಯ ಮೇಲೆ ನಡೆಯುವಾಗ ಹಲಗೆಯ ತುದಿಯನ್ನಷ್ಟೇ ನೋಡುತ್ತಾರಂತೆ. ಕಾಲನ್ನು ನೋಡಿಕೊಂಡ ಹೊಸ ಹಮಾಲಿ ಬಿದ್ದೇ ಬೀಳುತ್ತಾನಂತೆ. ಮುಂದಿನ ಎಲ್ಲ ಭೇಟಿಗಳಲ್ಲಿಯೂ ನಾವು ಆ ಹಲಗೆಯ ಮಾತನ್ನೇ ಬಳಸಿದೆವು.

ಎರಡನೆಯ ಸಂಗತಿ ಇನ್ನೂ ಮುಖ್ಯವಾದುದು, ಮತ್ತು ಅದು ತಂಡದ ಆಟಗಳಿಗೇ ವಿಶೇಷವಾದುದು. ಒಂಟಿಯಾಗಿ ಓಡುವವನಿಗೆ ಅಡಗಿಕೊಳ್ಳಲು ಜಾಗವಿಲ್ಲ. ವಾಲಿಬಾಲ್‌ನಲ್ಲಿ ಒಂದು ತಂಡದ ಪಾಲಿನ 9 ಮೀಟರ್ ಉದ್ದ, 9 ಮೀಟರ್ ಅಗಲದ ಅಂಗಳದಲ್ಲಿ 6 ಜನ ನಿಂತಿರುತ್ತಾರೆ. ಒಬ್ಬರ ಹಿಂದೆ ಇನ್ನೊಬ್ಬರು ಮರೆಯಾಗಬಹುದು. ಸರ್ವ್ ಬರುವಾಗ ಈ ಯುವಕ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಿದ್ದ, ‘ನಂದು’ ಎಂದು ಕೂಗುವುದನ್ನು ಬಿಟ್ಟಿದ್ದ, ಪಕ್ಕದವನ ಮುಖ ನೋಡುತ್ತಿದ್ದ. ಚೆಂಡು ಇಬ್ಬರ ನಡುವೆ ಬಿದ್ದರೆ ತಪ್ಪು ಯಾರದೂ ಅಲ್ಲ, ಯಾರೂ ಅವನ ಹೆಸರು ಹಿಡಿದು ಬಯ್ಯುವುದಿಲ್ಲ. ತಂಡವು ಅಂಕ ಕಳೆದುಕೊಳ್ಳುತ್ತದೆ, ಅವನು ಉಳಿದುಕೊಳ್ಳುತ್ತಾನೆ. ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಸಾಮಾಜಿಕ ಆತಂಕವನ್ನು ವಿವರಿಸುತ್ತ, ಜನರು ಅವಮಾನ ತಪ್ಪಿಸಿಕೊಳ್ಳಲು ಮಾಡುವ ಇಂಥ ಸಣ್ಣ ಸಣ್ಣ ರಕ್ಷಣಾ ನಡವಳಿಕೆಗಳೇ ಭಯವನ್ನು ಜೀವಂತ ಇಡುತ್ತವೆ ಎಂದರು. ಅಡಗಿದವನಿಗೆ, ಅಡಗದೆ ಹೋದರೆ ಏನಾಗುತ್ತಿತ್ತು ಎಂಬುದು ಎಂದಿಗೂ ತಿಳಿಯುವುದಿಲ್ಲ. ಅವನ ತಗ್ಗಿದ ತಲೆಯ ನಗುವೂ ಇಂಥದೇ ಒಂದು ರಕ್ಷಣೆಯಾಗಿತ್ತು. ನಿರ್ದೇಶಕರು ಮೈಗಳ್ಳತನವೆಂದು ಕರೆದದ್ದು ಇವೆಲ್ಲವನ್ನೂ ಸೇರಿಸಿ. ಅವರ ಮೇಲೆ ನನಗೆ ಆಕ್ಷೇಪವಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತೆರನಾಗಿ ಕಾಣುತ್ತವೆ.

ಹೀಗಾಗಿ ನಾನು ಅವನಿಗೆ ಧೈರ್ಯ ತಂದುಕೋ ಎಂದು ಹೇಳಲಿಲ್ಲ. ಧೈರ್ಯ ಬಂದ ಮೇಲೆ ಕೂಗುತ್ತೇನೆ ಎಂದು ಕಾಯಬೇಡ, ಭಯವಿರುವಾಗಲೇ ‘ನಂದು’ ಎಂದು ಕೂಗು, ಚೆಂಡು ಸಿಕ್ಕಿತೋ ಇಲ್ಲವೋ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಡ, ಎಷ್ಟು ಸಲ ಕೂಗಿದೆ ಎಂಬುದನ್ನು ಮಾತ್ರ ಪ್ರತಿದಿನ ಬರೆದಿಡು ಎಂದು ಸಲಹೆ ಕೊಟ್ಟೆ. ಚೆಂಡು ಎಲ್ಲಿಗೆ ಹೋಗುತ್ತದೆ ಎಂಬುದು ಪೂರ್ತಿ ಅವನ ಕೈಯಲ್ಲಿಲ್ಲ, ಕೂಗುವುದು ಅವನ ಕೈಯಲ್ಲಿದೆ.

ಸರ್ವ್ ಮಾಡುವ ಸರದಿಗೆ ಬೇರೆ ಸಲಹೆ ಬೇಕಾಯಿತು. ವಾಲಿಬಾಲ್‌ನಲ್ಲಿ ಸರ್ವ್ ಒಂದೇ ಪೂರ್ತಿ ಒಬ್ಬನ ಕೈಯಲ್ಲಿರುವ ಕ್ರಿಯೆ. ಎಲ್ಲರೂ ಅವನನ್ನೇ ನೋಡುತ್ತಿರುತ್ತಾರೆ, ರೆಫ್ರಿ ಶಿಳ್ಳೆ ಹಾಕಿದ ಮೇಲೆ 8 ಸೆಕೆಂಡು ಅವಕಾಶವಿರುತ್ತದೆ. ಆ 8 ಸೆಕೆಂಡುಗಳೇ ಅವನಿಗೆ ನರಕವಾಗಿದ್ದವು, ಶಿಳ್ಳೆ ಕೇಳಿದೊಡನೆ ಹೊಡೆದು ಮುಗಿಸಿಬಿಡುತ್ತಿದ್ದ. ಆ ಹೊತ್ತನ್ನು ತುಂಬಲು ಒಂದು ಕ್ರಮ ಮಾಡಿಕೊಂಡೆವು. ಚೆಂಡನ್ನು ಮೂರು ಸಲ ನೆಲಕ್ಕೆ ಪುಟಿಸುವುದು, ಒಂದು ಸಲ ನಿಧಾನವಾಗಿ ಉಸಿರು ಹೊರಬಿಡುವುದು, ಎದುರು ಅಂಗಳದಲ್ಲಿ ಒಂದು ಜಾಗವನ್ನು ಕಣ್ಣಿನಿಂದ ಹಿಡಿಯುವುದು, ಮನಸ್ಸಿನಲ್ಲಿ ‘ಮೂಲಿ’ ಎನ್ನುವುದು, ಹೊಡೆಯುವುದು. ಪದವನ್ನು ಅವನೇ ಆರಿಸಿದ. ಹಿಂದಿನ ಮೂಲೆಗೆ ಹಾಕುವ ಸರ್ವ್ ಅವನಿಗೆ ಇಷ್ಟ. ಪ್ರತಿದಿನ ಬೆಳಿಗ್ಗೆ, ಬಿಸಿಲೇರುವ ಮೊದಲು, ಇದೇ ಕ್ರಮದಲ್ಲಿ ಇಪ್ಪತ್ತು ಸರ್ವ್ ಮಾಡಬೇಕೆಂದು ಹೇಳಿದೆ. ಒತ್ತಡವಿಲ್ಲದಾಗ ರೂಢಿಯಾಗದ ಕ್ರಮವು ಒತ್ತಡದಲ್ಲಿ ನೆನಪಿಗೆ ಬರುವುದಿಲ್ಲ.

ಮೂರನೆಯ ವಾರದಲ್ಲಿ ನಾನು ತಪ್ಪು ಮಾಡಿದೆ. ಭಯಪಡುವ ಸಂದರ್ಭವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವ ವಿಧಾನದಲ್ಲಿ, ಬೇಕೆಂದೇ ಒಂದು ಸಣ್ಣ ತಪ್ಪು ಮಾಡಿ ಮುಂದೇನಾಗುತ್ತದೆ ಎಂದು ನೋಡುವ ಅಭ್ಯಾಸವಿದೆ. ಅದನ್ನು ನಾನು ಊರ ಮೈದಾನದಲ್ಲಿ, ಸಂಜೆ, ಆ ಸೋದರಸಂಬಂಧಿಯೂ ಬರುವ ಹೊತ್ತಿನಲ್ಲಿ ಮಾಡಲು ಹೇಳಿದೆ. ಅದು ಹತ್ತನೆಯ ಮೆಟ್ಟಿಲಾಗಿತ್ತು, ಅವನಿನ್ನೂ ಎರಡನೆಯದರ ಮೇಲೆ ನಿಂತಿದ್ದ. ಅವನು ಹೋಗಲಿಲ್ಲ, ನನ್ನ ಮುಂದಿನ ಭೇಟಿಗೂ ಬರಲಿಲ್ಲ, ಆ ವಾರದ ಪಂದ್ಯಕ್ಕೂ ಜ್ವರವೆಂದ. ನಾನೇ ಫೋನ್ ಮಾಡಿ, ತಪ್ಪು ನನ್ನದು, ಅಷ್ಟು ದೊಡ್ಡ ಕೆಲಸವನ್ನು ಇಷ್ಟು ಬೇಗ ಕೊಡಬಾರದಿತ್ತು ಎಂದು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಬರದಿದ್ದಕ್ಕ ನೀವು ಸಿಟ್ಟಾಗೀರಿ ಅಂದ್ಕೊಂಡಿದ್ದೆ” ಎಂದ. ನನ್ನ ಕೋಣೆಯಲ್ಲಿಯೂ ಅವನು ತೀರ್ಪಿಗೆ ಕಾಯುತ್ತಿದ್ದನೆಂಬುದು ನನಗೆ ಆಗ ತಿಳಿಯಿತು. ನಂತರ ಆ ಅಭ್ಯಾಸವನ್ನು ಕಾಲೇಜಿನ ಜೂನಿಯರ್ ಹುಡುಗರ ಎದುರು, ಒಂದೇ ಒಂದು ಸರ್ವ್‌ನಿಂದ ಆರಂಭಿಸಿದೆವು. ಅವನು ಬೇಕೆಂದೇ ನೆಟ್ಟಿಗೆ ಹೊಡೆದ. ಒಬ್ಬ ಹುಡುಗ ಚೆಂಡನ್ನು ತಂದು ಕೈಗೆ ಕೊಟ್ಟ. ಅಷ್ಟೇ ನಡೆದದ್ದು.

ಆದರೆ ಇಡೀ ಪ್ರಕರಣದಲ್ಲಿ ನಾನು ಅತಿ ಹೆಚ್ಚು ಮಹತ್ವ ಕೊಡುವುದು ತಂಡದೊಂದಿಗೆ ಮಾಡಿದ ಕೆಲಸಕ್ಕೆ. ಅವನ ಅನುಮತಿ ಪಡೆದು, ವಿಡಿಯೊದ ವಿಷಯ ಎತ್ತದೆ, ನಿರ್ದೇಶಕರೊಂದಿಗೆ ಎರಡು ಸಲ ಕುಳಿತು ಮಾತನಾಡಿದೆ. ಅವರಿಗೆ ಒಂದು ರೂಢಿಯಿತ್ತು: ಯಾರಾದರೂ ತಪ್ಪು ಮಾಡಿದೊಡನೆ ಅವರನ್ನು ಹೊರಗೆ ಕರೆದು ಬೇರೊಬ್ಬರನ್ನು ಇಳಿಸುವುದು. ನಿಯಮದಂತೆ ಒಂದು ಸೆಟ್ಟಿನಲ್ಲಿ 6 ಬದಲಾವಣೆಗಳಿಗೆ ಅವಕಾಶವಿದೆ, ಅದನ್ನು ಬಳಸುವುದು ಅವರ ಹಕ್ಕು. ಆದರೆ ತಪ್ಪಿನ ಮರುಕ್ಷಣವೇ ಹೊರಗೆ ಕರೆದರೆ, ಒಳಗಿರುವ ಐವರೂ ಚೆಂಡನ್ನು ನೋಡುವುದನ್ನು ಬಿಟ್ಟು ಸರ್ ಮುಖ ನೋಡಲು ಕಲಿಯುತ್ತಾರೆ. ಆಯಾಸ, ಗಾಯ ಅಥವಾ ಆಟದ ತಂತ್ರಕ್ಕಾಗಿ ಬದಲಿಸಿ, ತಪ್ಪಿಗಾಗಿ ಬದಲಿಸಬೇಕೆಂದು ಅನ್ನಿಸಿದರೆ ಇನ್ನೂ ಮೂರು ಅಂಕಗಳಷ್ಟು ಕಾಯಿರಿ ಎಂದು ಕೇಳಿಕೊಂಡೆ. ಅವರು ಕೂಡಲೇ ಒಪ್ಪಲಿಲ್ಲ. ಮೂರು ಅಂಕಗಳಲ್ಲಿ ಸೆಟ್ಟೇ ಹೋಗಬಹುದು ಎಂದರು, ಅದು ನಿಜವೂ ಹೌದು. ಕೊನೆಗೆ, ಸೆಟ್ಟಿನ 20ನೇ ಅಂಕದವರೆಗೆ ಈ ಪದ್ಧತಿ, ಅನಂತರ ತಮ್ಮ ತೀರ್ಮಾನ ಎಂದು ಅವರೇ ಒಂದು ದಾರಿ ಹುಡುಕಿದರು.

ಚೆಂಡಿಗೆ ಕೂಗುವ ವಿಷಯದಲ್ಲಿಯೂ ತಂಡ ಒಂದು ಒಪ್ಪಂದಕ್ಕೆ ಬಂದಿತು. ‘ನಂದು’ ಎಂದು ಕೂಗಿ ಚೆಂಡು ಕಳೆದುಕೊಂಡವನಿಗೆ ಯಾರೂ ಏನೂ ಅನ್ನಕೂಡದು. ಯಾರೂ ಕೂಗದೆ ಚೆಂಡು ನಡುವೆ ಬಿದ್ದರೆ ಅಕ್ಕಪಕ್ಕದ ಇಬ್ಬರೂ ಸೇರಿ ಅದರ ಬಗ್ಗೆ ಮಾತನಾಡಬೇಕು. ಹಿಂದೆ ಕೂಗಿದವನಿಗೆ ಬಯ್ಗುಳ, ಸುಮ್ಮನಿದ್ದವನಿಗೆ ರಕ್ಷಣೆ ಇತ್ತು. ಈಗ ಅದು ತಿರುಗಿತು. ಜೊತೆಗೆ, ಅಂಕ ಬಂದರೂ ಹೋದರೂ ಆರೂ ಜನ ಒಂದು ಕ್ಷಣ ನಡುವೆ ಸೇರಿ ಕೈ ತಟ್ಟಿ, ಮುಂದಿನ ಚೆಂಡಿನ ಬಗ್ಗೆ ಮಾತ್ರ ಒಂದು ಮಾತು ಹೇಳಿ ಚದುರಬೇಕೆಂದು ತೀರ್ಮಾನವಾಯಿತು.

ಒಂದು ಬೆಳಿಗ್ಗೆ, ಅಭ್ಯಾಸ ಪಂದ್ಯ ಮುಗಿದ ಕೂಡಲೇ, ಅಂಗಳದಲ್ಲಿದ್ದ ಎಂಟು ಹುಡುಗರಿಗೆ ಚೀಟಿ ಕೊಟ್ಟು, ಇಂದಿನ ಆಟದಲ್ಲಿ ನಿಮಗೆ ನೆನಪಿರುವ ತಪ್ಪುಗಳನ್ನು ಬರೆಯಿರಿ ಎಂದು ನಿರ್ದೇಶಕರು ಕೇಳಿದರು. ಬಹುತೇಕ ಎಲ್ಲರೂ ಮೊದಲು ಬರೆದದ್ದು ತಮ್ಮದೇ ತಪ್ಪನ್ನು. ಈ ಯುವಕನ ತಪ್ಪನ್ನು ಬರೆದವರು ಇಬ್ಬರು, ಅವನು ಅಂದುಕೊಂಡದ್ದು ಎಂಟಕ್ಕೆ ಎಂಟು. ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಮುಜುಗರ ತರುವ ಚಿತ್ರವಿದ್ದ ಅಂಗಿ ತೊಟ್ಟು ಕೋಣೆಗೆ ಹೋದ ವಿದ್ಯಾರ್ಥಿಗಳು, ಅಲ್ಲಿದ್ದ ಸುಮಾರು ಅರ್ಧದಷ್ಟು ಜನ ಅದನ್ನು ಗಮನಿಸಿರಬೇಕೆಂದು ಅಂದಾಜಿಸಿದರು. ಗಮನಿಸಿದವರು ಕಾಲು ಭಾಗದಷ್ಟು ಮಾತ್ರ. ಅಂಗಿಯ ಪ್ರಯೋಗವನ್ನು ನೇರವಾಗಿ ಅಂಗಳಕ್ಕೆ ತರಲಾಗದು, ಏಕೆಂದರೆ ಸರ್ವ್ ಮಾಡುವವನನ್ನು ಜನ ನಿಜಕ್ಕೂ ನೋಡುತ್ತಿರುತ್ತಾರೆ. ಆದರೆ ನೋಡಿದ್ದನ್ನು ಮನೆಗೆ ಹೊತ್ತುಕೊಂಡು ಹೋಗುವವರು ನಾವೆಣಿಸಿದಷ್ಟು ಇರುವುದಿಲ್ಲ ಎಂಬುದನ್ನು ಆ ಎಂಟು ಚೀಟಿಗಳು ಅವನಿಗೆ ತೋರಿಸಿದವು. ಚೀಟಿಗಳನ್ನು ಅವನು ತನ್ನ ಚೀಲದಲ್ಲಿ ಇಟ್ಟುಕೊಂಡಿದ್ದಾನೆ.

ವಿಡಿಯೊದ ವಿಷಯಕ್ಕೆ ಸಲಹೆ ಚಿಕ್ಕದಾಗಿತ್ತು. ಅದನ್ನು ಸಹಿಸಿಕೋ ಎಂದು ನಾನು ಹೇಳಲಿಲ್ಲ. ಅಳಿಸುವಂತೆ ನೇರವಾಗಿ ಕೇಳುವುದು ಅವನ ಹಕ್ಕು, ಒಬ್ಬನೇ ಕೇಳಲು ಕಷ್ಟವಾದರೆ ಜೊತೆಗೆ ಒಬ್ಬರನ್ನು ಕರೆದೊಯ್ಯಬಹುದು ಎಂದೆ. ಅವನು ನಾಯಕನಿಗೆ ವಿಷಯ ತಿಳಿಸಿದ, ಇಬ್ಬರೂ ಹೋಗಿ ಕೇಳಿದರು, ಸೋದರಸಂಬಂಧಿ ಗೊಣಗುತ್ತ ಅಳಿಸಿದ. ಅಡ್ಡಹೆಸರು ಇನ್ನೂ ಪೂರ್ತಿ ಹೋಗಿಲ್ಲ. ಪಂದ್ಯದ ರಾತ್ರಿ ಆ ಗುಂಪನ್ನು ತೆರೆಯುವುದಿಲ್ಲ ಎಂಬ ನಿಯಮವನ್ನು ಅವನು ತಾನೇ ಹಾಕಿಕೊಂಡಿದ್ದಾನೆ.

ಐದನೆಯ ಭೇಟಿಯಲ್ಲಿ ಅವನು ಮಡಚಿದ ಆ ಹಾಳೆಯನ್ನು ಮತ್ತೆ ತಂದ. ನಾಲ್ಕನೆಯ ಗೆರೆಯ ಮೇಲೆ ‘ಅಪ್ಪ’ ಎಂದು ಬರೆದಿತ್ತು, ಮುಂದಿನ ಜಾಗ ಖಾಲಿಯಿತ್ತು. ತಂದೆ ಒಂದೂ ಮಾತು ಆಡಿರಲಿಲ್ಲ. ಆದರೆ ಅವನ ಆಟದ ಬೂಟಿಗಾಗಿ ಅವರು ಮಿಲ್ಲಿನಲ್ಲಿ ಮುಂಗಡ ಪಡೆದಿದ್ದರು. ಒಂದೊಂದು ಚೆಂಡು ಬಿದ್ದಾಗಲೂ ಅವನ ಮನಸ್ಸು ಆ ಹಣವನ್ನು ಎಣಿಸುತ್ತಿತ್ತು. ಆಡದ ಮಾತನ್ನು ಅವನು ಆಡಿದ ಮಾತಿಗಿಂತ ಗಟ್ಟಿಯಾಗಿ ಕೇಳಿಸಿಕೊಂಡಿದ್ದ. ತಂದೆಯನ್ನು ಒಮ್ಮೆ ಕೇಳಿ ನೋಡು, ಆಟದ ಬಗ್ಗೆ ಅಲ್ಲದಿದ್ದರೆ ಬೂಟಿನ ಬಗ್ಗೆಯಾದರೂ ಮಾತು ತೆಗೆ ಎಂದೆ. ಅವನು ಕೇಳಲು ಹನ್ನೆರಡು ದಿನ ತೆಗೆದುಕೊಂಡ. ತಂದೆ ಹೇಳಿದರಂತೆ: “ಬೂಟ ಬಿಗಿ ಆಗ್ಯಾವೇನು? ಅದಕ್ಕ ಆಡಾಕ ಹೋಗವಲ್ಲಿ ಅಂತ ನಾ ತಿಳ್ಕೊಂಡಿದ್ದೆ. ಬ್ಯಾರೆ ತರೂಣಂತ.” ಇದನ್ನು ಹೇಳುವಾಗ ಅವನು ಮೊದಲ ಸಲ ತಲೆ ತಗ್ಗಿಸದೆ ನಕ್ಕ, ಆಮೇಲೆ ಸ್ವಲ್ಪ ಹೊತ್ತು ಅತ್ತ.

ಜಿಲ್ಲಾ ಮಟ್ಟದ ಪಂದ್ಯದಲ್ಲಿ ತಂಡ ಎರಡನೆಯ ಸುತ್ತಿನಲ್ಲಿಯೇ ಸೋತಿತು. ಅವನು ಎರಡು ಸರ್ವ್‌ಗಳನ್ನು ನೆಟ್ಟಿಗೆ ಹೊಡೆದ. ‘ನಂದು’ ಎಂದು ಕೂಗಿದ್ದು ಹದಿನೇಳು ಸಲ, ಲೆಕ್ಕ ಅವನ ವಹಿಯಲ್ಲಿದೆ; ಅವುಗಳಲ್ಲಿ ನಾಲ್ಕು ಚೆಂಡುಗಳು ಹೊರಗೆ ಹೋದವು. ಆ ಬೆಳಿಗ್ಗೆಯೂ ಮೂರು ಸಲ ಶೌಚಕ್ಕೆ ಹೋಗಿದ್ದ, ಬಾಯಿ ಒಣಗಿತ್ತು. ಜ್ವರವೆಂದು ಮಾತ್ರ ಹೇಳಲಿಲ್ಲ. ಈ ದೈಹಿಕ ಲಕ್ಷಣಗಳು ಪೂರ್ತಿ ಹೋಗುತ್ತವೆಂದು ನಾನು ಅವನಿಗೆ ಭರವಸೆ ಕೊಟ್ಟಿಲ್ಲ, ಏಕೆಂದರೆ ಆಟವನ್ನು ಪ್ರೀತಿಸುವ ಅನೇಕರಿಗೆ ಅವು ಕೊನೆಯವರೆಗೂ ಇರುತ್ತವೆ.

ಊರ ಜಾತ್ರೆಗೆ ಇನ್ನು ಆರು ವಾರಗಳಿವೆ. ಅದೇ ಮೈದಾನ, ಅದೇ ಹೊನಲು ಬೆಳಕು, ಬಹುಶಃ ಅದೇ ಮೈಕು. ಆಡುವುದೋ ಬಿಡುವುದೋ ಎಂಬುದನ್ನು ಅವನೇ ತೀರ್ಮಾನಿಸಬೇಕು, ಬಿಟ್ಟರೆ ಅದನ್ನು ನಾನು ಸೋಲೆಂದು ಎಣಿಸುವುದಿಲ್ಲ ಎಂದು ಹೇಳಿದ್ದೇನೆ. ಈ ನಡುವೆ ವಾರಕ್ಕೆ ಎರಡು ಸಂಜೆ ಊರ ಮೈದಾನಕ್ಕೆ ಹೋಗಿ, ಮೊದಲು ಬರೀ ನಿಂತು ನೋಡಿ, ಆಮೇಲೆ ಚೆಂಡು ಎತ್ತಿಕೊಡುವ ಕೆಲಸ ಮಾಡಿ, ಆಮೇಲೆ ಒಂದು ಸೆಟ್ ಆಡುವುದೆಂದು ಯೋಜನೆ ಹಾಕಿದ್ದೇವೆ. ಮುಂದಿನ ಭೇಟಿಗೆ ತಂಡದ ನಾಯಕನನ್ನೂ ಕರೆದುಕೊಂಡು ಬರಬಹುದೇ ಎಂದು ಅವನು ಕೇಳಿದ. ನಾಯಕನಿಗೂ ಪಂದ್ಯದ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲವಂತೆ.